‘ಅಪ್ಪ ಈಗ ಎಲ್ಲಿದ್ದಾರೆ ಮೇಡಂ?’

(ಗುರುತು ಸಿಗದಂತೆ ಹೆಸರು, ಉದ್ಯೋಗ, ಸಂಬಂಧಗಳ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ವಾಣಿ ಎನ್ನೋಣ. ವಯಸ್ಸು 46, ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. 2023ರ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಬಂದರು. ಕಳಿಸಿದ್ದು ಹೃದ್ರೋಗ ತಜ್ಞರು. ರಾತ್ರಿ ಎರಡರ ಸುಮಾರಿಗೆ ಎಚ್ಚರ, ಎದೆ ಡವಡವ, ಕೈಕಾಲು ತಣ್ಣಗೆ, ಈಗಲೇ ಪ್ರಾಣ ಹೋಗುತ್ತದೆ ಅನ್ನಿಸುವುದು. ಇಸಿಜಿ, ಎಕೋ, ಥೈರಾಯ್ಡ್ ಯಾವುದರಲ್ಲೂ ಏನೂ ಇಲ್ಲ. ಚೀಟಿಯಲ್ಲಿ ‘ಆತಂಕ, ಆಪ್ತಸಲಹೆ’ ಎಂದಷ್ಟೇ ಬರೆದಿತ್ತು.

ಸಾವಿನ ಭಯ ಇರಬೇಕು ಎಂದುಕೊಂಡು ಮಾತು ಶುರುಮಾಡಿದರೆ ಅವರು ತಲೆ ಅಲ್ಲಾಡಿಸಿದರು. “ಸಾಯೋದಕ್ಕೇನೂ ಇಲ್ಲ ಮೇಡಂ. ಸತ್ತ ಮೇಲೆ ಏನಾಗತ್ತೆ ಅನ್ನೋದೇ. ನನಗೂ ಅಲ್ಲ, ನಮ್ಮ ಅಪ್ಪನಿಗೆ. ಅಪ್ಪ ಈಗ ಎಲ್ಲಿದ್ದಾರೆ ಮೇಡಂ?”

ಈ ಪ್ರಶ್ನೆಯನ್ನು ಅವರು ಎರಡೂವರೆ ವರ್ಷದಿಂದ ಕೇಳುತ್ತಿದ್ದರು. ಗಂಡನನ್ನು, ಅತ್ತೆಯನ್ನು, ಅಮೆರಿಕದಲ್ಲಿರುವ ಅಣ್ಣನನ್ನು, ಚಿಕ್ಕಪ್ಪನನ್ನು, ಬ್ಯಾಂಕಿನ ಸಹೋದ್ಯೋಗಿಗಳನ್ನು, ಕೊನೆಗೆ ಫೋನನ್ನು. ಮನೆಯವರೆಲ್ಲ ಮಲಗಿದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗರುಡ ಪುರಾಣದ ವಿಡಿಯೊ ಕೇಳುವುದು. ಒಂದು ಮುಗಿದರೆ ಅಂಥದ್ದೇ ಇನ್ನೊಂದನ್ನು ಫೋನೇ ಮುಂದಿಡುತ್ತದೆ. ಎಲ್ಲೋ ಒಂದರಲ್ಲಿ ಪರಿಹಾರ ಹೇಳಿಯಾರು ಎಂದು ಇವರು ಕೇಳುತ್ತ ಹೋಗುವುದು. ವೈತರಣಿ ನದಿ, ಯಮದೂತರ ಪಾಶ, ಒಂದು ವರ್ಷದ ಯಮಮಾರ್ಗ ಎಲ್ಲ ಬಾಯಿಪಾಠ. ಎರಡು ಗಂಟೆಗೆ ಎಚ್ಚರವಾಗುತ್ತಿತ್ತು ಎಂದೆನಲ್ಲ, ಕೆಲವು ದಿನ ಆ ಹೊತ್ತಿಗೆ ಅವರು ಮಲಗಿಯೇ ಇರುತ್ತಿರಲಿಲ್ಲ.

ಮುಂದಿನ ವಾರ ಒಂದು ನೋಟ್‌ಬುಕ್ ತಂದರು. ಬ್ಯಾಂಕಿನವರಲ್ಲವೇ, ಸ್ಕೇಲಿಟ್ಟು ಗೆರೆ ಹೊಡೆದು ನಾಲ್ಕು ಕಾಲಂ ಮಾಡಿದ್ದರು. ಮೊದಲನೆಯದರಲ್ಲಿ ನರಕದ ಹೆಸರು, ಎರಡನೆಯದರಲ್ಲಿ ಅದು ಯಾವ ಪಾಪಕ್ಕೆ ಎಂಬುದು, ಮೂರನೆಯದರ ತಲೆಯಲ್ಲಿ ‘ಅಪ್ಪ’, ನಾಲ್ಕನೆಯದರ ತಲೆಯಲ್ಲಿ ‘ನಾನು’. ಭಾಗವತದ ಐದನೇ ಸ್ಕಂಧದಲ್ಲಿ 28 ನರಕಗಳ ಪಟ್ಟಿಯಿದೆ. 21 ಎನ್ನುವವರೂ ಇದ್ದಾರೆ ಎಂದು ಆ ಗ್ರಂಥವೇ ಹೇಳುತ್ತದೆ. ಇವರು 28ನ್ನೂ ಬರೆದಿದ್ದರು. ತಾಮಿಸ್ರ, ಅಂಧತಾಮಿಸ್ರ, ರೌರವ, ಕುಂಭೀಪಾಕ, ಕಾಲಸೂತ್ರ ಹೀಗೆ. ಅಪ್ಪನ ಕಾಲಂ ಹೆಚ್ಚುಕಡಿಮೆ ಖಾಲಿ. ‘ನಾನು’ ಎಂಬಲ್ಲಿ ಕೆಂಪು ಪೆನ್ನಿನ ಚುಕ್ಕಿಗಳು. ಅಸಿಪತ್ರವನದ ಮುಂದೆ ಮೂರು ಚುಕ್ಕಿ. ಕತ್ತಿಯಂಥ ಎಲೆಗಳ ಕಾಡು ಅದು. ತನ್ನ ವೇದಮಾರ್ಗ ಬಿಟ್ಟು ನಡೆದವರಿಗೆ ಎಂದು ಅದರ ವಿವರಣೆ.

ಅಪ್ಪನ ಬಗ್ಗೆ ಬಂದವರ ಪುಸ್ತಕದಲ್ಲಿ ಚುಕ್ಕಿಗಳೆಲ್ಲ ತಮ್ಮ ಹೆಸರಿನ ಕೆಳಗೆ ಇದ್ದವು. ಅಂದು ನಾನದನ್ನು ಕೇಳಲಿಲ್ಲ. ಗುರುತು ಹಾಕಿಕೊಂಡೆ.

ತಂದೆಯದು ವೈದಿಕ ಮನೆತನ, ಸ್ಮಾರ್ತರು. ಬೆಂಗಳೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಗಳು ಲಿಂಗಾಯತ ಹುಡುಗನನ್ನು ಮೆಚ್ಚಿ ಮದುವೆಯಾದಾಗ ಮೂರು ವರ್ಷ ಮಾತು ಬಿಟ್ಟಿದ್ದರು. ಮೊಮ್ಮಗಳು ಹುಟ್ಟಿದ ಮೇಲೆ ಅವರೇ ತೊಟ್ಟಿಲು ಹೊತ್ತುಕೊಂಡು ಬಂದರು. ಆಮೇಲೆ ಅಪ್ಪ-ಮಗಳ ನಡುವೆ ಏನೂ ಉಳಿದಿರಲಿಲ್ಲ.

2021ರ ಮೇ. ಕೋವಿಡ್ ಎರಡನೇ ಅಲೆಯ ಉಚ್ಛ್ರಾಯ, ರಾಜ್ಯದಲ್ಲಿ ದಿನಕ್ಕೆ 50,000 ಪ್ರಕರಣ ದಾಖಲಾಗುತ್ತಿದ್ದ ಸಮಯ. ತಂದೆ ಆಸ್ಪತ್ರೆ ಸೇರಿ ಹತ್ತು ದಿನಕ್ಕೆ ಹೋದರು. ವಾಣಿಗೆ, ಅವರ ಗಂಡನಿಗೆ ಇಬ್ಬರಿಗೂ ಪಾಸಿಟಿವ್, ದಾವಣಗೆರೆಯಲ್ಲಿ ಮನೆಯೊಳಗೇ ಬಂದಿ. ಅಣ್ಣನಿಗೆ ವಿಮಾನವಿಲ್ಲ. ದೇಹ ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ ಹೋಯಿತು. ಕಾಯುವ ಸಾಲು ಎಷ್ಟಿತ್ತೆಂದರೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ ಉರಿಸಲು ಜಾಗ ಮಾಡಿದ್ದರು. ಪಿಪಿಇ ಕಿಟ್ ಹಾಕಿದ ಯಾರೋ ಹುಡುಗರು ಕೊಳ್ಳಿ ಇಟ್ಟರು. ಸೋದರತ್ತೆಯ ಮಗ ಎರಡು ವಾರ ಬಿಟ್ಟು ಅಸ್ಥಿ ತರಲು ಹೋದರೆ ಮಡಕೆಗಳ ಸಾಲಿನಲ್ಲಿ ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ಚೀಟಿಗಳ ಶಾಯಿ ಮಳೆಗೆ ಕದಡಿತ್ತು. ಬರಿಗೈಯಲ್ಲಿ ಬಂದ. ಆ ಜೂನ್ ಮೊದಲ ವಾರದಲ್ಲಿ, ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದಿದ್ದ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಸರ್ಕಾರವೇ ಪುರೋಹಿತರನ್ನು ಕರೆಸಿ ವಿಸರ್ಜಿಸಿತು. ಆ ಸುದ್ದಿಯ ಪೇಪರ್ ತುಂಡು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅಂಟಿಸಿತ್ತು. ಅದರಿಂದ ಸಮಾಧಾನವಾಗಿತ್ತೇ ಎಂದರೆ ಇಲ್ಲ. “ಅಪ್ಪಂದು ಅದರಲ್ಲಿತ್ತೋ ಇಲ್ವೋ?”

ಅಣ್ಣ ಅಲ್ಲಿಂದಲೇ, ಕಂಪ್ಯೂಟರ್ ಪರದೆಯಲ್ಲಿ ಪುರೋಹಿತರನ್ನು ನೋಡಿಕೊಂಡು ಹತ್ತರಿಂದ ಹದಿಮೂರರವರೆಗಿನ ಕ್ರಿಯೆ ಮಾಡಿ ಮುಗಿಸಿದ. ಪ್ರಶ್ನೆ ಕಾಡುತ್ತಿದ್ದರೂ ಎರಡು ವರ್ಷ ಹೇಗೋ ನಡೆದಿತ್ತು. ನಂತರ ಒಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ಒಂದು ಮಾತು ಹೇಳಿದರು: “ಅಸ್ಥಿಯೇ ಇಲ್ದೆ ಮಾಡಿದ ಕರ್ಮ ಪ್ರೇತಕ್ಕೆ ಮುಟ್ಟೋದಿಲ್ಲಮ್ಮ. ನಮ್ಮಣ್ಣ, ನಿಮ್ಮಪ್ಪ, ಇನ್ನೂ ಅಲ್ಲೇ ಅಲೀತಿರ್ತಾನೆ.” ಹೇಳಿ ಪಾಯಸ ಹಾಕಿಸಿಕೊಂಡರು. ಅವರಿಗೆ ಅದು ಅಲ್ಲಿಗೆ ಮುಗಿದ ಮಾತು.

ಆ ವರ್ಷದ ಮಹಾಲಯಕ್ಕೆ ವಾಣಿ ತಾರಸಿಯ ಮೇಲೆ ಎಲೆ ಹಾಕಿ ಅನ್ನ, ವಡೆ, ಎಳ್ಳುಂಡೆ ಇಟ್ಟು ಕಾಗೆಗಾಗಿ ಕಾದರು. ನೀರಿನ ಟ್ಯಾಂಕಿನ ನೆರಳಲ್ಲಿ ಒಂಬತ್ತರಿಂದ ಹನ್ನೊಂದೂವರೆವರೆಗೆ. ಕಾಗೆ ಬರಲಿಲ್ಲ. ನಮ್ಮ ಊರುಗಳಲ್ಲಿ ಈಗ ಎಲ್ಲಿ ನೋಡಿದರೂ ಪಾರಿವಾಳ ತಾನೆ? ಹತ್ತಿಪ್ಪತ್ತು ಪಾರಿವಾಳ ಇಳಿದು ಎಲೆಯನ್ನು ಚೊಕ್ಕ ಮಾಡಿ ಹೋದವು. ಗಂಡ ಮೆಟ್ಟಿಲ ಬಾಗಿಲಲ್ಲಿ ನಿಂತು, “ಬಿಡು, ನಿಮ್ಮಪ್ಪ ಈ ಸಲ ಪಾರಿವಾಳ ಆಗಿದಾರೆ” ಎಂದು ನಕ್ಕರು. ವಾಣಿ ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ. ಮರುದಿನದಿಂದ ಪ್ರತಿದಿನ ಬೆಳಿಗ್ಗೆ ಅನ್ನ ಇಡುವುದು, ಕಾಗೆ ಮುಟ್ಟುವವರೆಗೆ ಕಾಯುವುದು, ಬ್ಯಾಂಕಿಗೆ ತಡವಾಗುವುದು ಶುರುವಾಯಿತು.

ಈ ಮನೆಯಲ್ಲಿ ಸಾವಿನಾಚೆಯ ಬಗ್ಗೆ ಕಡಿಮೆಯೆಂದರೂ ನಾಲ್ಕು ನಂಬಿಕೆ ಒಟ್ಟಿಗೆ ವಾಸವಾಗಿದ್ದವು. ಗಂಡ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಅವರ ಪ್ರಕಾರ ಸತ್ತ ಮೇಲೆ ಕಾರ್ಬನ್ನು, ಕ್ಯಾಲ್ಸಿಯಂ, ಅಷ್ಟೆ. ಅಣ್ಣನಿಗೆ ಶಾಸ್ತ್ರ ಮುಗಿಸಿದ ತೃಪ್ತಿ. ಚಿಕ್ಕಪ್ಪನದು ಮೇಲೆ ಹೇಳಿದ್ದು. ಅತ್ತೆಗೆ ಎಪ್ಪತ್ತೆಂಟು, ಒಂದು ದಿನ ಸೊಸೆಯ ಜೊತೆ ಅವರೂ ಬಂದರು. ಹಣೆ ತುಂಬ ವಿಭೂತಿ. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ “ಡಾಕ್ಟ್ರವ್ವ” ಎಂದೇ ಕರೆದರು.

“ನೋಡ್ರಿ ಡಾಕ್ಟ್ರವ್ವ, ನಮ್ಮಲ್ಲಿ ಸತ್ರೆ ಲಿಂಗೈಕ್ಯ. ಅಂಗೈಯಾಗೆ ಲಿಂಗ ಇಟ್ಟು, ವಿಭೂತಿ ಪತ್ರಿ ಹಾಕಿ ಕೂರಿಸಿ ಮಣ್ಣು ಮಾಡ್ತೀವಿ. ಅಲ್ಲಿಗೆ ಬಯಲು ಬಯಲಾತು. ಪ್ರೇತ ಎಲ್ಲಿಂದ ಬರತ್ತೆ? ಮರಣವೇ ಮಹಾನವಮಿ ಅಂದಿದಾರೆ ಶರಣರು. ಇವಳು ಅಪ್ಪನ್ನ ಹಿಡ್ಕಂಡು ಬಿಡ್ತಾನೇ ಇಲ್ಲ.” ಸೊಸೆಯ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ರಾತ್ರಿ ಹೆದರಿದಾಗಲೆಲ್ಲ ಪಕ್ಕದಲ್ಲಿ ಕೂತು ಬಸವಣ್ಣನವರ ವಚನ ಹೇಳುತ್ತಿದ್ದರಂತೆ: ‘ಆಚಾರವೇ ಸ್ವರ್ಗ, ಅನಾಚಾರವೇ ನರಕ.’

ಆ ಮುದುಕಿಗೆ ಆ ಸಾಲು ಎಷ್ಟು ದೊಡ್ಡ ಬಿಡುಗಡೆ! ಸ್ವರ್ಗ-ನರಕ ಎಲ್ಲೋ ಮೇಲೆ ಕೆಳಗೆ ಇಲ್ಲ, ನೀನು ನಡೆಯುವ ನಡೆಯಲ್ಲೇ ಇದೆ ಎಂಬ ಮಾತು. ವಾಣಿಯ ನೋಟ್‌ಬುಕ್ಕಿನಲ್ಲಿ ಅದಕ್ಕೇನಾಗಿತ್ತು ಗೊತ್ತೇ? ಇಪ್ಪತ್ತೆಂಟು ನರಕಗಳ ಕೆಳಗೆ ಇಪ್ಪತ್ತೊಂಬತ್ತನೆಯದಾಗಿ ‘ಅನಾಚಾರ’ ಎಂದು ಬರೆದು, ಮುಂದೆ ಕೆಂಪು ಚುಕ್ಕಿ ಇಟ್ಟಿದ್ದರು.

ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಆ ಚುಕ್ಕಿಯಿಂದ. ಇಂಥ ಭಯ ಇರುವವರಿಗೆ ನಾವು ಸಾಮಾನ್ಯವಾಗಿ ಮಾಡುವುದು ಇನ್ನೊಂದು ಮೃದುವಾದ ನಂಬಿಕೆಯನ್ನು ಕೊಡುವುದು. ನರಕ ಇಲ್ಲ, ಎಲ್ಲ ಶಿವಪಾದ, ಎಲ್ಲ ಬೂದಿ, ಎಲ್ಲ ಬೆಳಕು, ಅವರವರಿಗೆ ತೋಚಿದ್ದು. ಭಯ ಗಟ್ಟಿಯಾಗಿ ಕೂತಿದ್ದರೆ ಅದು ಕೊಟ್ಟದ್ದನ್ನೆಲ್ಲ ತನಗೆ ಬೇಕಾದಂತೆ ತಿರುಗಿಸಿಕೊಳ್ಳುತ್ತದೆ. ನನ್ನಲ್ಲಿ ಬರುವವರಲ್ಲಿ ಗೋರಿಯ ವಿಚಾರಣೆಗೆ ಮುನ್‌ಕರ್ ಮತ್ತು ನಕೀರ್ ಎಂಬ ದೇವದೂತರು ಬಂದರೆ ಬಾಯಿ ಬರದಿದ್ದರೇನು ಗತಿ ಎಂದು ನಡುಗುವ ಮುಸ್ಲಿಂ ಹುಡುಗನಿದ್ದ; ಪಾಪನಿವೇದನೆಯಲ್ಲಿ ಒಂದು ಪಾಪ ಹೇಳಲು ಮರೆತೆನೇ ಎಂದು ಮತ್ತೆ ಮತ್ತೆ ಚರ್ಚಿಗೆ ಓಡುವ ಕೆಥೊಲಿಕ್ ತಾಯಿ ಇದ್ದರು; ಏನೂ ಇಲ್ಲ ಎಂದು ಖಚಿತವಾಗಿ ನಂಬಿ, ಆ ‘ಏನೂ ಇಲ್ಲ’ಕ್ಕೇ ಹೆದರಿ ನಿದ್ದೆಗೆಟ್ಟ ಎಂಜಿನಿಯರ್ ಕೂಡ. ಜೈನರಲ್ಲಿ ಶ್ರಾದ್ಧ-ತರ್ಪಣವೇ ಇಲ್ಲ, ಜೀವ ಹೊರಟೊಡನೆ ಮುಂದಿನ ಜನ್ಮ ಎಂಬುದು ಅವರ ಮತ. ವಾಣಿ ಅದನ್ನೂ ಕೇಳಿ ತಿಳಿದಿದ್ದರು. “ಹಾಗಾದರೆ ಅಪ್ಪ ಈಗಾಗಲೇ ಏನಾಗಿ ಹುಟ್ಟಿದಾರೋ” ಎಂಬ ಹೊಸ ಚಿಂತೆ ಅಂಟಿಕೊಂಡಿತು, ಅಷ್ಟೇ ಲಾಭ.

ಇನ್ನು ವಿಚಾರವಾದಿ ಗಂಡಂದಿರ ಬಗ್ಗೆ ಒಂದು ಮಾತು. ಇವರು ಕೆಟ್ಟವರಲ್ಲ. ಆದರೆ ಹೆಂಡತಿ ಅಳುವಾಗ ವಿಜ್ಞಾನ ಹೇಳುವುದು ಎಂಥ ವಿಚಾರವೋ ನನಗೆ ತಿಳಿಯದು. ಅಲ್ಲಿ ಆಕೆ ಕೇಳುತ್ತಿದ್ದುದು ಕ್ಯಾಲ್ಸಿಯಂ ಲೆಕ್ಕವನ್ನಲ್ಲ.

ನಾನು ಮೊದಲು ಮಾಡಿದ ಕೆಲಸ ಇದು ಯಾವುದು ಎಂದು ಬಿಡಿಸಿ ನೋಡುವುದು. ಶೋಕವೇ? ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಿ ಆರು ತಿಂಗಳು ಮೀರಿಯೂ ದಿನದ ಬದುಕನ್ನು ನಿಲ್ಲಿಸುವ ದೀರ್ಘ ಶೋಕಕ್ಕೆ ಬೇರೆ ಹೆಸರೇ ಇದೆ. ಅದರ ಲಕ್ಷಣ ಇತ್ತು. ಆದರೆ ವಿಡಿಯೊ, ನೋಟ್‌ಬುಕ್, ಕಾಗೆ, ಒಂದೇ ಪ್ರಶ್ನೆಯನ್ನು ಎಲ್ಲರಲ್ಲೂ ಕೇಳುವುದು, ಇವು ಶೋಕದ ದಾರಿಯಲ್ಲ, ಗೀಳಿನ (ಒಸಿಡಿ ಎಂಬ ಮನೋರೋಗದ) ದಾರಿ. ಶೋಕದಲ್ಲಿ ಸತ್ತವರ ನೆನಪು ಬರುತ್ತದೆ. ವಾಣಿಗೆ ಎರಡೂವರೆ ವರ್ಷದಲ್ಲಿ ಅಪ್ಪನ ನಗು ನೆನಪಾಗಿಯೇ ಇರಲಿಲ್ಲ. ಮಡಕೆಗಳ ಸಾಲು ಮಾತ್ರ ಕಾಣುತ್ತಿತ್ತು. ಉತ್ತರ ಸಿಕ್ಕಾಗ ಅರ್ಧ ಗಂಟೆ ಹಗುರ, ಆಮೇಲೆ ‘ಆದರೂ...’ ಎಂದು ಮೊದಲಿಗೆ ವಾಪಸ್. ಗೀಳಿನ ಗುರುತೇ ಆ ‘ಆದರೂ’.

ಬದುಕುವುದೇ ಬೇಡ ಅನ್ನಿಸಿದ್ದುಂಟೇ ಎಂದೂ ಕೇಳಿದೆ. ಸಾವಿಗೆ ಹೆದರುವವರಲ್ಲಿ ಆ ಯೋಚನೆ ಇರಲಾರದು ಎಂದು ಹಲವರು ಬಿಟ್ಟುಬಿಡುತ್ತಾರೆ, ಬಿಡಬಾರದು. ‘ಹೋಗಿ ನೋಡಿಬಿಟ್ಟರೆ ಗೊತ್ತಾಗುತ್ತಲ್ಲ’ ಎಂದು ಒಮ್ಮೆ ಅನ್ನಿಸಿತ್ತಂತೆ. ಯೋಜನೆ ಇರಲಿಲ್ಲ. ಆದರೂ ಮಾತ್ರೆಗಳ ಡಬ್ಬಿಯನ್ನು ಗಂಡ ಬೀಗದಲ್ಲಿಡುವಂತೆ ಮಾತಾಯಿತು. ಮನೋವೈದ್ಯರ ಬಳಿ ಕಳಿಸಿದೆ. ಅವರು ಗೀಳು ಎಂದೇ ನಿರ್ಧರಿಸಿ ಮಾತ್ರೆ ಶುರುಮಾಡಿದರು. ಈ ಮಾತ್ರೆಗಳು ಗೀಳಿನಲ್ಲಿ ಹಿಡಿತ ಸಾಧಿಸಲು ಎರಡು-ಮೂರು ತಿಂಗಳು ಹಿಡಿಯುತ್ತದೆ ಎಂದು ಮೊದಲೇ ಹೇಳಿದ್ದರಿಂದ ವಾಣಿ ನಡುವೆ ಬಿಡಲಿಲ್ಲ.

“ನೀವು ನಂಬ್ತೀರಾ ಮೇಡಂ, ನರಕಾನ?” ಎಂದು ಒಮ್ಮೆ ಕೇಳಿದರು.

“ಹೌದು ಅಂದ್ರೆ ಇವತ್ತು ಭಯ. ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ‘ಆದರೂ’. ಹಾಗಾಗಿ ಹೇಳೋದಿಲ್ಲ” ಎಂದೆ. ಸಿಟ್ಟು ಬಂತು. ಬರಬೇಕಾದ್ದೇ.

ಅವರಿಗೆ ಉತ್ತರ ಕೊಡುವುದನ್ನು ನಾನೊಬ್ಬಳು ನಿಲ್ಲಿಸಿದರೆ ಸಾಲದು. ಒಂದು ಸಂಜೆ ಮನೆಯವರನ್ನೆಲ್ಲ ಕೂರಿಸಿ ಹೇಳಿದೆ: ‘ಅಪ್ಪನಿಗೆ ಸದ್ಗತಿ ಆಯ್ತು ಅಲ್ವಾ’ ಎಂದು ವಾಣಿ ಕೇಳಿದರೆ ಯಾರೂ ಹೌದು ಎನ್ನಬೇಡಿ, ಇಲ್ಲ ಎನ್ನಬೇಡಿ, ನಗಬೇಡಿ. ‘ಇದಕ್ಕೆ ಉತ್ತರ ಹೇಳೋದಿಲ್ಲ ಅಂತ ಮಾತಾಗಿದೆ’ ಎಂದಷ್ಟೇ ಹೇಳಿ ಪಕ್ಕದಲ್ಲಿರಿ. ಅತ್ತೆಗೆ ಇದು ಕಟುಕತನ ಅನ್ನಿಸಿತು. “ಒಂದು ಸಮಾಧಾನದ ಮಾತೂ ಹೇಳಬಾರ್ದೇನ್ರಿ?” ಎಂದು ನನ್ನನ್ನೇ ಗದರಿದರು. ಅಪ್ಪನ ಬಗ್ಗೆ ಬೇರೆ ಏನನ್ನಾದರೂ ಕೇಳಿ, ಅವರು ಏನು ತಿನ್ನುತ್ತಿದ್ದರು, ಹೇಗೆ ಬಯ್ಯುತ್ತಿದ್ದರು ಎಂದು, ಅಂದೆ. ಆ ಕೆಲಸವನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಮಾಡಿದರು. ಬೀಗರು ದಾವಣಗೆರೆಗೆ ಬಂದಾಗಲೆಲ್ಲ ಬೆಣ್ಣೆದೋಸೆ ತಿನ್ನಲು ಮಗಳಿಗೆ ಹೇಳದೆ ಹೋಗಿ ಬರುತ್ತಿದ್ದ ವಿಷಯ ಹೊರಗೆ ಬಂದದ್ದು ಅತ್ತೆಯ ಬಾಯಿಂದಲೇ.

ಫೋನಿನ ವಿಡಿಯೊ ನಿಲ್ಲಿಸಿದ್ದು ಏಕಾಏಕಿ ಅಲ್ಲ. ಮೊದಲು ರಾತ್ರಿ ಬೇಡ, ಹಗಲು ಅರ್ಧ ಗಂಟೆ. ಆಮೇಲೆ ಅದೂ ಬೇಡ. ಅವರು ಕೇಳುತ್ತಿದ್ದ ತುಣುಕುಗಳಲ್ಲಿ ನರಕ ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಗಳಲ್ಲಿ ಹೆಚ್ಚಾಗಿ ಓದಿಸುವ ಗರುಡ ಪುರಾಣದ ‘ಸಾರೋದ್ಧಾರ’ದಲ್ಲಿ 16 ಅಧ್ಯಾಯಗಳಿವೆ, ಕೊನೆಯದು ಮೋಕ್ಷದ ಬಗ್ಗೆ. ರೀಲ್ಸ್ ಮಾಡುವವರಿಗೆ ಆ ಅಧ್ಯಾಯ ಬೇಕಿಲ್ಲ. ಇದನ್ನು ಒಂದು ಸಲ ಹೇಳಿದೆ, ಎರಡನೇ ಸಲ ಹೇಳಲಿಲ್ಲ; ಹೇಳಿದ್ದರೆ ಅದೂ ಒಂದು ಔಷಧಿಯ ಡೋಸಿನಂತಾಗುತ್ತಿತ್ತು.

ನೋಟ್‌ಬುಕ್ ಹರಿದುಹಾಕಿ ಎಂದು ಗಂಡ ಹೇಳಿದ್ದರು. ಬೇಡ ಎಂದೆ. ನನ್ನ ಕೋಣೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿದೆ, ಮತ್ತೆ ಮತ್ತೆ. ಓದಿ ಮುಗಿದ ಮೇಲೆ ಪರಿಹಾರ ಹುಡುಕುವಂತಿಲ್ಲ, ದೇವರ ನಾಮ ಹೇಳುವಂತಿಲ್ಲ, ನನ್ನ ಮುಖ ನೋಡುವಂತಿಲ್ಲ, ಭಯದ ಜೊತೆ ಸುಮ್ಮನೆ ಕೂರಬೇಕು. ಮೊದಲ ಸಲ ಅಸಿಪತ್ರವನದವರೆಗೆ ಬಂದು ಗಂಟಲು ಒಣಗಿ ನೀರು ಕೇಳಿದರು. ದಿನವೂ ಮನೆಯಲ್ಲಿ ಇಪ್ಪತ್ತು ನಿಮಿಷ ಓದಲು ಅವರದೇ ಕೈಬರಹದಲ್ಲಿ ಎರಡು ವಾಕ್ಯ ಬರೆಸಿದೆ: ‘ಅಪ್ಪನಿಗೆ ಸದ್ಗತಿ ಸಿಗದೆಯೂ ಇರಬಹುದು. ಅದು ನನಗೆ ತಿಳಿಯುವ ದಾರಿಯಿಲ್ಲ.’ ಕೇಳಿದವರಿಗೆ ಕ್ರೂರವೆನಿಸೀತು. ಗೀಳಿನ ಚಿಕಿತ್ಸೆಯಲ್ಲಿ ಇದು ಹೊಸದೇನಲ್ಲ: ಹೆದರಿಸುವುದನ್ನು ಎದುರಿಟ್ಟುಕೊಂಡು, ಭಯ ತಣಿಸಲು ಮಾಡುವ ಕೆಲಸವನ್ನು ಮಾತ್ರ ತಡೆದಿಡುವುದು. ಅಷ್ಟು ಹೊತ್ತಿಗೆ ಭಯ ತಾನಾಗಿ ಇಳಿಯುತ್ತದೆ ಎಂಬುದು ದೇಹಕ್ಕೇ ಗೊತ್ತಾಗಬೇಕು. ತರಬೇತಿ ಪಡೆದವರ ಜೊತೆ ಮಾಡಬೇಕಾದ್ದು. ಓದಿದಾಕ್ಷಣ ಮನೆಯಲ್ಲಿ ಯಾರ ಮೇಲೂ ಪ್ರಯೋಗ ಮಾಡಬೇಡಿ.

ಆ ಎರಡು ವಾಕ್ಯವನ್ನು ಅವರು ಒಪ್ಪಿಕೊಂಡದ್ದು ಅಪ್ಪನಿಂದಲೇ. ಚಿಕ್ಕಂದಿನಲ್ಲಿ ಅವರಪ್ಪ ನಚಿಕೇತನ ಕಥೆ ಹೇಳುತ್ತಿದ್ದರು. ಕಠೋಪನಿಷತ್ತಿನ ಆ ಹುಡುಗ ಯಮನನ್ನು ಕೇಳುವುದು ಇದನ್ನೇ: ಸತ್ತ ಮನುಷ್ಯ ಇದ್ದಾನೆ ಎನ್ನುತ್ತಾರೆ ಕೆಲವರು, ಇಲ್ಲ ಎನ್ನುತ್ತಾರೆ ಕೆಲವರು, ಯಾವುದು ನಿಜ? ಯಮ ಕೂಡಲೇ ಉತ್ತರ ಕೊಡುವುದಿಲ್ಲ. ದೇವತೆಗಳಿಗೂ ಈ ಸಂಶಯ ಇತ್ತಪ್ಪ, ಸುಲಭಕ್ಕೆ ತಿಳಿಯುವುದಲ್ಲ, ಬೇರೆ ವರ ಕೇಳು ಎನ್ನುತ್ತಾನೆ. “ಯಮನೇ ಹಾಗಂದ ಮೇಲೆ ಚಿಕ್ಕಪ್ಪನಿಗೆ ಹೇಗೆ ಗೊತ್ತು ಮೇಡಂ?” ಎಂದು ವಾಣಿ ನಕ್ಕರು. ಅವರು ನನ್ನೆದುರು ನಕ್ಕದ್ದು ಅದೇ ಮೊದಲು.

ಕೆಂಪು ಚುಕ್ಕಿಗಳ ಬಗ್ಗೆ ಕೇಳುವ ಹೊತ್ತು ಆಮೇಲೆ ಬಂತು. ಅಸಿಪತ್ರವನದ ಮೂರರಲ್ಲಿ ಒಂದು ಮದುವೆಯದು, ಊಹಿಸಿದ್ದೆ. ಎರಡನೆಯದು ಮಡಿ-ಮೈಲಿಗೆ ಬಿಟ್ಟದ್ದು. ಮೂರನೆಯದಕ್ಕೆ ಬೆರಳಿಟ್ಟು ತುಂಬ ಹೊತ್ತು ಕೂತರು.

2021ರ ಏಪ್ರಿಲ್ ಕೊನೆ. ತಂದೆಗೆ ಲಸಿಕೆಯ ಎರಡನೇ ಡೋಸಿನ ದಿನ ಬಂದಿತ್ತು. ಹೊರಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ‘ಹೋಗಲೇಬೇಕು, ಹಟ ಮಾಡಬೇಡಿ’ ಎಂದು ಫೋನಿನಲ್ಲಿ ಜೋರು ಮಾಡಿ ಕಳಿಸಿದ್ದು ವಾಣಿ. ಅಂದು ಕೇಂದ್ರದಲ್ಲಿ ಎರಡೂವರೆ ಗಂಟೆ ಸಾಲು, ಮೈಗೆ ಮೈ ತಾಗುವಷ್ಟು ಜನ. ಆರನೇ ದಿನಕ್ಕೆ ಜ್ವರ. “ಕೊಂದಿದ್ದು ನಾನು ಮೇಡಂ. ಕೊಂದವರಿಗೆ ಯಾವ ನರಕ ಅಂತ ಹುಡುಕ್ತಾ ಹೋದೆ. ತಂದೆಯನ್ನ ಕೊಂದ ಮಗಳಿಗೆ ಅಂತ ಅದರಲ್ಲಿ ಎಲ್ಲೂ ಸಿಗಲಿಲ್ಲ, ಅದಕ್ಕೆ ಇದರ ಮುಂದೆ ಇಟ್ಟೆ.”

ಎರಡೂವರೆ ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಚಿಕ್ಕಪ್ಪನ ಮಾತು ಅಷ್ಟು ಆಳಕ್ಕೆ ಇಳಿಯಲು ಕಾರಣ ಅಸ್ಥಿಯೂ ಅಲ್ಲ, ಪ್ರೇತವೂ ಅಲ್ಲ; ಅಲ್ಲಿ ಮೊದಲೇ ಒಂದು ಅಪರಾಧ ಜಾಗ ಕಾದಿರಿಸಿಕೊಂಡು ಕೂತಿತ್ತು. ಅಪ್ಪ ಅಲೆಯುತ್ತಿದ್ದಾರೆ ಎಂದರೆ ಅಲೆಸಿದವಳು ನಾನು ಎಂದು ಅವರಿಗೆ ಕೇಳಿಸಿತು.

ಸೋಂಕು ಎಲ್ಲಿ ತಗಲಿತೆಂದು ಆಗ ಯಾರೂ ಹೇಳುವಂತಿರಲಿಲ್ಲ. ಲಸಿಕೆಯ ಸಾಲೂ ಇರಬಹುದು, ಹಾಲಿನ ಅಂಗಡಿಯೂ ಇರಬಹುದು, ಎದುರು ಮನೆಯವರೂ ಇರಬಹುದು. ಸೋಂಕು ತಗಲಿ ಎರಡರಿಂದ ಹದಿನಾಲ್ಕು ದಿನದೊಳಗೆ ಲಕ್ಷಣ ಕಾಣುತ್ತಿತ್ತು. ಆ ಎರಡು ವಾರದಲ್ಲಿ ಅವರು ಎಷ್ಟೋ ಕಡೆ ಹೋಗಿಬಂದಿದ್ದರು. ಇದನ್ನು ಹೇಳಿದೆನೇ ಹೊರತು ‘ನಿಮ್ಮಿಂದಲ್ಲ’ ಎನ್ನಲಿಲ್ಲ, ಅದೂ ನನಗೆ ಗೊತ್ತಿಲ್ಲವಲ್ಲ. ಅಂದು ಗೊತ್ತಿದ್ದಷ್ಟರಲ್ಲಿ, ಎಪ್ಪತ್ತನಾಲ್ಕು ವರ್ಷದ ಅಪ್ಪನಿಗೆ ಮಗಳು ಬೇರೆ ಏನು ಹೇಳಬಹುದಿತ್ತು ಎಂದು ಕೇಳಿದೆ. ಬರೆದು ತನ್ನಿ ಎಂದೆ. ಅಪ್ಪನಿಗೇ ಬರೆದ ಕಾಗದ ತಂದರು. ಅದನ್ನು ಇಲ್ಲಿ ಹಾಕುವುದಿಲ್ಲ.

ಆ ವಿಷಯವನ್ನು ಅಣ್ಣನಿಗೆ ಹೇಳಿ ಎಂದು ಸಲಹೆ ಕೊಟ್ಟೆ. ಹೇಳಲು ವಾರಗಟ್ಟಲೆ ಹಿಂಜರಿದು ಒಂದು ಭಾನುವಾರ ಫೋನ್ ಮಾಡಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಣ್ಣ, “ನಾನೂ ಅವತ್ತೇ ಬೆಳಿಗ್ಗೆ ಫೋನ್ ಮಾಡಿ ಬೈದಿದ್ದೆ ಕಣೇ. ಹೋಗಿಲ್ಲ ಅಂದ್ರೆ ಮಾತೇ ಆಡಲ್ಲ ಅಂದಿದ್ದೆ” ಎಂದನಂತೆ. ಅಣ್ಣನೂ ಅದನ್ನು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ.

ಇನ್ನು ಶಾಸ್ತ್ರದ ವಿಷಯ. ವಾಣಿಗೆ ಏನಾದರೂ ಮಾಡಿಸಬೇಕೆಂಬ ಆಸೆ ಇದ್ದೇ ಇತ್ತು. ಫೋನಿನಲ್ಲೇ ಪರಿಹಾರ ಹೇಳುವ ಜ್ಯೋತಿಷಿಯೊಬ್ಬ ಪಿತೃದೋಷವೆಂದು 65,000 ರೂಪಾಯಿಯ ಪಟ್ಟಿ ಕಳಿಸಿದ್ದ. ಗೀಳು ಇರುವವರಿಗೆ ಕರ್ಮ ಮಾಡಿಸಬಾರದು, ಅದೂ ಗೀಳಿಗೆ ಮೇವು ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅಪ್ಪನ ಮುಖ ನೋಡದೆ, ಕೊಳ್ಳಿ ಇಡುವುದನ್ನು ಕಾಣದೆ, ಅಸ್ಥಿ ಬಿಡದೆ ಉಳಿದವರಿಗೆ ಒಂದು ವಿದಾಯ ಬೇಕು. ಅದು ವಿದಾಯವೋ ಗೀಳೋ ಎಂದು ತಿಳಿಯುವುದು ಮಾಡಿ ಮುಗಿದ ಮೇಲೆ ಇನ್ನೊಂದು ಬೇಕೆನಿಸುತ್ತದೆಯೇ ಎಂಬುದರಿಂದ. ಆದ್ದರಿಂದ ಮೊದಲೇ ಕರಾರು ಮಾಡಿಕೊಂಡೆವು: ಒಬ್ಬರೇ ಪುರೋಹಿತರು, ತಂದೆಗೆ ಪರಿಚಯ ಇದ್ದವರು, ಒಂದೇ ಪ್ರಶ್ನೆ, ಒಂದೇ ಸಲದ ಕ್ರಿಯೆ, ಸಾಲ ಮಾಡುವಂತಿಲ್ಲ, ಮುಗಿದ ಮೇಲೆ ಸರಿಯಾಯಿತೇ ಎಂದು ಯಾರನ್ನೂ ಕೇಳುವಂತಿಲ್ಲ.

ಪುರೋಹಿತರು ಹಳೆಯ ಕಾಲದ ಸರಳ ಮನುಷ್ಯ. ಪ್ರಶ್ನೆ ಕೇಳಿ ಹೇಳಿದ್ದು ಇಷ್ಟು: “ಪರದೇಶದಲ್ಲಿ ಸತ್ತು ದೇಹವೇ ಸಿಗದವರಿಗೆ ದರ್ಭೆ, ಮುತ್ತುಗದ ಎಲೆಯಿಂದ ಆಕಾರ ಮಾಡಿ ದಹನ ಮಾಡೋ ವಿಧಿ ಗರುಡ ಪುರಾಣದಲ್ಲೇ ಇದೆಯಮ್ಮ. ದೇಹ ಇಲ್ದೆ ಹೋದ್ರೂ ದಾರಿ ಇಟ್ಟಿದಾರೆ. ನಿಮ್ಮ ತಂದೆಯವರಿಗೆ ದಹನ ಆಗಿದೆ, ಮಗ ಸಪಿಂಡೀಕರಣ ಮಾಡಿದಾನೆ. ಅದಾದ ಮೇಲೆ ಅವರು ಪ್ರೇತ ಅಲ್ಲ, ಪಿತೃ. ಈಗ ಬೇಕಿದ್ರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಒಂದು ತರ್ಪಣ ಬಿಡ್ಲಿ ಮಗ.” ವಾಣಿ ಶ್ರೀರಂಗಪಟ್ಟಣದ ಬದಲು ಬೆಳಕವಾಡಿಯಲ್ಲಿ ಮಾಡಬಹುದೇ ಎಂದು ಕೇಳಿದರು, ಕರಾರಿಗೆ ಇದು ಎರಡನೇ ಪ್ರಶ್ನೆ, ಬಿಟ್ಟುಕೊಟ್ಟೆ. “ನದಿ ಅದೇ ಅಲ್ವೇನಮ್ಮ” ಎಂದರಂತೆ. ಡಿಸೆಂಬರಿನಲ್ಲಿ ಅಣ್ಣ ಬಂದ. ಇಬ್ಬರೂ ಹೋಗಿ ಬಂದರು. ಭೌತಶಾಸ್ತ್ರದ ಮೇಷ್ಟ್ರೇ ಕಾರು ಓಡಿಸಿದರು, ಹೆಂಡತಿಗೆ ಹೇಳದೆಯೇ ತಾವೂ ನೀರಿಗಿಳಿದು ಮೂರು ಬೊಗಸೆ ನೀರು ಬಿಟ್ಟರು.

ಮಗಳು ಪಿಯು ಎರಡನೇ ವರ್ಷ. ಅಮ್ಮ ರಾತ್ರಿ ಎದ್ದು ಓಡಾಡುವುದನ್ನು ನೋಡಿ ತಾನೂ ದೀಪ ಹಾಕಿಕೊಂಡೇ ಮಲಗಲು ಶುರುಮಾಡಿದ್ದಳು. ಅವಳನ್ನು ಕರೆದು ಅಮ್ಮನಿಗೆ ಆಗಿರುವುದು ಇಂಥ ಕಾಯಿಲೆ, ಚಿಕಿತ್ಸೆ ನಡೆಯುತ್ತಿದೆ, ತಾತನ ದೆವ್ವ ಮನೆಯಲ್ಲಿಲ್ಲ ಎಂದು ನೇರವಾಗಿ ಹೇಳಿದೆ. ಅವಳಿಗೆ ಅಷ್ಟು ಸಾಕಾಯಿತು.

ವಾಣಿಗೆ ಪೂರ್ತಿ ವಾಸಿಯಾಯಿತು ಎನ್ನಲಾರೆ. ನಿದ್ದೆ ಬರುತ್ತದೆ, ಬ್ಯಾಂಕಿಗೆ ಸರಿಯಾದ ಹೊತ್ತಿಗೆ ಹೋಗುತ್ತಾರೆ, ದಿನದ ಅನ್ನ ನಿಂತಿದೆ. ಮಹಾಲಯಕ್ಕೆ ಮಾತ್ರ ಎಲೆ ಇಡುತ್ತಾರೆ, ಇಟ್ಟು ಕೆಳಗಿಳಿದು ಬರುತ್ತಾರೆ, ಯಾವ ಹಕ್ಕಿ ತಿಂದಿತೆಂದು ನೋಡುವುದಿಲ್ಲ. ನರಕದ ಮೇಲೆ ನಂಬಿಕೆ ಈಗಲೂ ಇದೆ. ಅದನ್ನು ತೆಗೆಯುವುದು ನನ್ನ ಕೆಲಸವೂ ಆಗಿರಲಿಲ್ಲ. ಕಳೆದ ವರ್ಷ ಮಗಳ ಸೀಟಿನ ಗಡಿಬಿಡಿಯಲ್ಲಿ ಹಳೆಯ ಪ್ರಶ್ನೆ ಹದಿನೈದು ದಿನ ತಿರುಗಿ ಬಂದಿತ್ತು. ಆ ಎರಡು ವಾಕ್ಯ ತಾವೇ ಹುಡುಕಿ ಓದಿದರು. ಮಾತ್ರೆಯನ್ನು ಮನೋವೈದ್ಯರು ನಿಧಾನವಾಗಿ ಕಡಿಮೆ ಮಾಡುತ್ತಿದ್ದಾರೆ. ಚಿಕ್ಕಪ್ಪ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಈಗಲೂ ಗರುಡ ಪುರಾಣದ ಪ್ರೇತಕಲ್ಪ ಭಾಗದ ತುಣುಕು ಹಾಕುತ್ತಾರೆ. ವಾಣಿ ಗುಂಪನ್ನು ಮ್ಯೂಟ್ ಮಾಡಿಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಇದ್ದರೆ ಅವರ ನಂಬಿಕೆಯೊಂದಿಗೆ ವಾದಕ್ಕಿಳಿಯಬೇಡಿ, ನಿಮ್ಮದನ್ನು ಕೊಡಲೂ ಹೋಗಬೇಡಿ. ದಿನಕ್ಕೆ ಎಷ್ಟು ಹೊತ್ತು ಇದರಲ್ಲೇ ಹೋಗುತ್ತದೆ, ಉತ್ತರ ಸಿಕ್ಕ ಮೇಲೂ ಅದೇ ಪ್ರಶ್ನೆ ಮರಳುತ್ತದೆಯೇ, ಊಟ-ನಿದ್ದೆ-ಕೆಲಸ ಕೆಟ್ಟಿದೆಯೇ ಎಂದು ನೋಡಿ. ಕೆಟ್ಟಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿಸಿ. ಹತ್ತಿರ ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.